ಮಸೂತಿ ಮುಂದಿನ ಹಲಗಿ

‘ಸಾಬರಿಗೆ ಹಾಡು-ಕುಣಿತ ನಡಿಯಂಗಿಲ್ಲ ಅಲ್ಲೇನ್ರಿ?’ ಗಂಗಾವತಿ ಕಡೆ ಶಾಲೆಯ ಗ್ಯಾದರಿಂಗ್ ಇರಲಿ, ಓಣಿಯ ಸಾಂಸ್ಕೃತಿಕ ಕಾರ್ಯಕ್ರಮವಿರಲಿ, ಹೆಸರು ಬರೆದುಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಈ ಮಾತು ಎತ್ತುತ್ತಾರೆ. ಕೇಳುವವರಲ್ಲಿ ಕೆಡುಕೇನೂ ಇರುವುದಿಲ್ಲ. ಮುಸ್ಲಿಂ ಮಕ್ಕಳಿಗೆ ಮುಜುಗರ ಆಗಬಾರದು ಎಂಬ ಕಾಳಜಿಯೇ ಎಷ್ಟೋ ಸಲ ಇರುತ್ತದೆ. ತಮಾಷೆಯೆಂದರೆ, ಹಾಗೆ ಕೇಳಿದವರೇ ಮೊಹರಂ ಬಂದಾಗ ತಮ್ಮ ಹಳ್ಳಿಗೆ ಹೋಗಿ, ಮಸೂತಿ ಮುಂದೆ ಹಲಗಿ ಬಡಿತಕ್ಕೆ ಹೆಜ್ಜೆ ಹಾಕಿ ಬಂದವರಾಗಿರುತ್ತಾರೆ. ಅದು ಹಾಡು-ಕುಣಿತದ ಲೆಕ್ಕಕ್ಕೆ ಬರುವುದಿಲ್ಲ. ಅದು ‘ಅಲಾಯಿ’.

ಈ ಪ್ರಶ್ನೆಗೆ ಸಿದ್ಧವಾಗಿರುವ ಉತ್ತರ ಎರಡು. ‘ಹೌದು, ಅವರ ಧರ್ಮದಲ್ಲಿ ಸಂಗೀತ ಹರಾಮ್’ ಎಂಬುದು ಒಂದು. ‘ಛೇ, ಬಿಸ್ಮಿಲ್ಲಾ ಖಾನರು ಇರಲಿಲ್ಲವೇ, ಮೊಹಮ್ಮದ್ ರಫಿ ಇರಲಿಲ್ಲವೇ’ ಎಂಬುದು ಇನ್ನೊಂದು. ಮೊದಲನೆಯದು ಕೆಲವರ ತೀರ್ಪನ್ನು ಎಲ್ಲರ ತಲೆಗೂ ಕಟ್ಟುತ್ತದೆ. ಎರಡನೆಯದು ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತದೆ. ಪಕ್ಕದ ಓಣಿಯ ಹುಡುಗಿ ವೇದಿಕೆ ಹತ್ತಲು ಯಾಕೆ ಹಿಂಜರಿಯುತ್ತಾಳೆ ಎಂದು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ‘ಸಂಗೀತ ನಡೆಯುತ್ತದೋ ಇಲ್ಲವೋ’ ಎಂಬ ಪ್ರಶ್ನೆಯೇ ಅರ್ಧಂಬರ್ಧ. ಯಾವ ಹಾಡು, ಯಾವ ವಾದ್ಯ, ಯಾವ ಹೊತ್ತು, ಯಾರ ಜೊತೆ ಎಂದು ಬಿಡಿಸಿ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಮುಸ್ಲಿಂ ಪಂಡಿತರೂ ಸಾವಿರ ವರ್ಷದಿಂದ ಹಾಗೇ ಬಿಡಿಸಿ ಕೇಳುತ್ತಾ ಬಂದವರು. ಕೊಪ್ಪಳ ಸೀಮೆಯ ಹಳ್ಳಿಗಳಂತೂ ಯಾರನ್ನೂ ಕೇಳಲು ಹೋಗದೆ ತಮ್ಮದೊಂದು ದಾರಿ ಮಾಡಿಕೊಂಡವು.

ಆ ದಾರಿಯನ್ನೇ ಮೊದಲು ನೋಡೋಣ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮೊಹರಂ ತಿಂಗಳ ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಬೀಳುತ್ತದೆ, ಅಲಾಯಿ ಕುಣಿ ತೋಡುತ್ತಾರೆ. ಮಸೂತಿ ಎಂದರೆ ಎಷ್ಟೋ ಊರುಗಳಲ್ಲಿ ನಮಾಜು ಮಾಡುವ ಮಸೀದಿಯಲ್ಲ, ಅಲಾಯಿ ದೇವರನ್ನು ಕೂಡಿಸುವ ಸಣ್ಣ ಗುಡಿಯಂಥ ಮನೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ, ಪಂಜಾ ಎಂಬ ಕೈಯಾಕಾರದ ಲಾಂಛನಗಳನ್ನು ತೆಗೆದು, ತೊಳೆದು, ಬಣ್ಣದ ಬಟ್ಟೆ ಉಡಿಸಿ ನಿಲ್ಲಿಸುತ್ತಾರೆ. ಹಸನ್, ಹುಸೇನ್, ಖಾಸಿಂ, ಮೌಲಾಲಿ, ಬೀಬಿ ಫಾತಿಮಾ ಹೀಗೆ ಒಂದೊಂದು ದೇವರಿಗೆ ಒಂದೊಂದು ಹೆಸರು. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಹೆಂಗಸರು ಸಕ್ಕರೆ, ಚೊಂಗೆ ತಂದು ಫಾತಿಹಾ ಓದಿಸಿಕೊಂಡು ಹೋಗುತ್ತಾರೆ. ಹುಲಿವೇಷದ ಹುಡುಗರು ಮನೆಮನೆಗೆ ಬರುತ್ತಾರೆ. ಹತ್ತನೆಯ ದಿನದ ಹಿಂದಿನ ‘ಕತ್ತಲ ರಾತ್ರಿ’ ಊರಿಗೆ ನಿದ್ದೆಯಿಲ್ಲ. ಕುಣಿಯಲ್ಲಿ ಬೆಂಕಿ, ಸುತ್ತಲೂ ಹಲಗಿ, ತಾಸೆ, ಹೆಜ್ಜೆ ಮೇಳ. ಹತ್ತನೆಯ ದಿನ ದೇವರುಗಳು ಹೊಳೆಗೋ ಬಾವಿಗೋ ಹೋಗಿ ಬಂದು ಮತ್ತೆ ಪೆಟ್ಟಿಗೆ ಸೇರುತ್ತವೆ. ಒಂದೂ ಮುಸ್ಲಿಂ ಮನೆಯಿಲ್ಲದ ಊರಿನಲ್ಲೂ ಇದು ನಡೆಯುತ್ತದೆ. ಓದಿಕೆ ಮಾಡಲು ಮುಜಾವರರನ್ನು ಪಕ್ಕದೂರಿನಿಂದ ಕರೆತಂದರೆ ಆಯಿತು. ಕುಷ್ಟಗಿಯ ಗಡಿ ದಾಟಿದರೆ ಸಿಗುವ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಅಲಾಯಿಗೆ ಸುತ್ತಲ ಜಿಲ್ಲೆಗಳಿಂದ ಜನ ನೆರೆಯುತ್ತಾರೆ. ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಬರೆದ ಪುಸ್ತಕಗಳನ್ನು ಓದಿದವರಿಗೆ ಈ ಆಚರಣೆ ನಾಡಿನಲ್ಲಿ ಎಷ್ಟು ದೂರ ಹಬ್ಬಿದೆ ಎಂಬುದು ಗೊತ್ತು.

ಇಡೀ ಹಬ್ಬದ ಉಸಿರು ಇರುವುದು ರಿವಾಯತ್ ಪದಗಳಲ್ಲಿ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾ ಬಯಲಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ನೀರಿಲ್ಲದೆ, ನೆರವಿಲ್ಲದೆ ಕೊಲೆಯಾದ ಕಥೆಯನ್ನು ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಚರಿತ್ರೆಯ ಪ್ರಕಾರ ಅಣ್ಣ ಹಸನರು ಅದಕ್ಕೂ ಹತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ಹುಸೇನರಿಗೆ ಆಗ ಐವತ್ತು ದಾಟಿತ್ತು. ನಮ್ಮ ಪದಗಳಿಗೆ ಇದರ ಹಂಗಿಲ್ಲ. ಅಲ್ಲಿ ಅಣ್ಣ-ತಮ್ಮ ಇಬ್ಬರೂ ಎಳೆಯರು, ಇಬ್ಬರೂ ಒಟ್ಟಿಗೇ ಬಾಯಾರಿದವರು, ತಾಯಿ ಬಾಗಿಲಲ್ಲಿ ದಾರಿ ನೋಡುತ್ತಾಳೆ. ಬರಗಾಲ ಕಂಡ ಸೀಮೆಗೆ ನೀರಿಗಾಗಿ ಸತ್ತವರ ಕಥೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪದ ಕಟ್ಟಿದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಶಿಶುನಾಳದ ಶರೀಫರು (1819–1889) ಕೂಡ ಅಲಾಯಿ ಪದ ಬರೆದವರೇ. ತತ್ವಪದಗಳಿಗೆ ಸಿಕ್ಕ ಭಾಗ್ಯ ಅವಕ್ಕೆ ಸಿಗಲಿಲ್ಲ. ಕ್ಯಾಸೆಟ್ ಕಾಲದಲ್ಲಿ ಶರೀಫರು ನಾಡಿನ ಮನೆಮನೆಗೆ ಹೋದಾಗ ಅಲಾಯಿ ಪದ ಹಳ್ಳಿಯಲ್ಲೇ ಉಳಿಯಿತು.

ಈ ಹಬ್ಬದಲ್ಲಿ ನನಗೆ ಬಹಳ ಹಿಡಿಸುವುದು ಅದರ ಕೆಲಸ ಹಂಚಿಕೆ. ಕುಣಿ ತೋಡುವವರು ಒಬ್ಬರು, ದೇವರು ಹೊರುವವರು ಇನ್ನೊಬ್ಬರು. ಹಾಡುವವರು ಹಾಡುತ್ತಾರೆ. ಹಾಡು ತನಗೆ ಒಗ್ಗುವುದಿಲ್ಲ ಎನ್ನುವವನು ಶರಬತ್ತು ಹಂಚುತ್ತಾನೆ. ಮೂರ್ತಿ-ಪಂಜಾ ಒಪ್ಪದವನು ದೂರ ನಿಂತು ನೋಡಿ, ಬಂದ ನೆಂಟರಿಗೆ ಊಟ ಹಾಕುತ್ತಾನೆ. ಎಲ್ಲರೂ ಎಲ್ಲದರಲ್ಲೂ ಇರಲೇಬೇಕು ಎಂಬ ಒತ್ತಾಯ ಇಲ್ಲ. ಹಾಗೆಂದು ಇದನ್ನು ಸ್ವರ್ಗ ಮಾಡುವುದೂ ಬೇಡ. ಹಲಗಿ ಯಾವ ಕೇರಿಯವರು ಬಡಿಯಬೇಕು ಎಂಬುದು ಹೆಚ್ಚಿನ ಊರುಗಳಲ್ಲಿ ಹಿಂದೆಯೇ ಗೊತ್ತಾಗಿಬಿಟ್ಟಿರುತ್ತದೆ, ಅದನ್ನು ಕಲೆ ಎಂದು ಕೊಂಡಾಡುವವರು ಬಡಿಯುವವರ ಮನೆಯಲ್ಲಿ ನೀರು ಕುಡಿಯದಿರುವುದೂ ಉಂಟು. ಹೆಂಗಸರು ಬಹುಪಾಲು ಕಟ್ಟೆಯ ಮೇಲೆ ಕುಳಿತು ನೋಡುವವರು.

ಇನ್ನು ಧರ್ಮಶಾಸ್ತ್ರದ ಮಾತು. ಕುರಾನಿನಲ್ಲಿ ‘ಸಂಗೀತ ನಿಷಿದ್ಧ’ ಎಂದು ಹೆಸರು ಹಿಡಿದು ಹೇಳಿದ ವಾಕ್ಯವಿಲ್ಲ. ಲುಕ್ಮಾನ್ ಅಧ್ಯಾಯದ ಆರನೆಯ ವಾಕ್ಯದಲ್ಲಿ ಜನರನ್ನು ದಾರಿ ತಪ್ಪಿಸುವ ‘ಹಗುರ ಮಾತಿ’ನ ಪ್ರಸ್ತಾಪವಿದೆ, ಪ್ರವಾದಿಯವರ ಸಂಗಾತಿಗಳಲ್ಲೊಬ್ಬರಾದ ಇಬ್ನ್ ಮಸೂದರು ಅದು ಹಾಡಿನ ಬಗ್ಗೆಯೇ ಎಂದು ಅರ್ಥ ಮಾಡಿದರು. ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಮದ್ಯ, ರೇಷ್ಮೆಗಳ ಸಾಲಿನಲ್ಲಿ ವಾದ್ಯಗಳನ್ನೂ ಸೇರಿಸಿ ಎಚ್ಚರಿಸುವ ಒಂದು ಹೇಳಿಕೆ ಇದೆ. ಅದೇ ಸಂಗ್ರಹದಲ್ಲಿ ಇನ್ನೊಂದು ಪ್ರಸಂಗವೂ ಇದೆ. ಹಬ್ಬದ ದಿನ ಪ್ರವಾದಿಯವರ ಮಡದಿ ಆಯಿಷಾರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಆಕೆಯ ತಂದೆ ಅಬೂಬಕರರು ಗದರಿದರು. ಪ್ರವಾದಿಯವರು, ಹಬ್ಬವಲ್ಲವೇ, ಬಿಡಿ ಎಂದರು. ಮದುವೆಯಲ್ಲಿ ದಫ್ ಎಂಬ ಚರ್ಮವಾದ್ಯ ಬಡಿಯುವುದಕ್ಕೆ ಹೆಚ್ಚಿನ ಪಂಡಿತರ ಒಪ್ಪಿಗೆಯಿದೆ. ಕರಾವಳಿಯ, ಕಾಸರಗೋಡಿನ ಮುಸ್ಲಿಮರಲ್ಲಿ ದಫ್ ಕುಣಿತ ಮಸೀದಿ-ಮದರಸಾದವರ ಕಣ್ಣೆದುರೇ ಬೆಳೆದದ್ದು ಹೀಗೆ.

ಹನ್ನೊಂದನೇ ಶತಮಾನದ ಸ್ಪೇನಿನ ಇಬ್ನ್ ಹಜ್ಮರು, ವಾದ್ಯಗಳನ್ನು ಬೇಡವೆನ್ನುವ ಹದೀಸ್‌ಗಳ ಆಧಾರವೇ ಗಟ್ಟಿಯಿಲ್ಲ ಎಂದು ವಾದಿಸಿದರು. 1111ರಲ್ಲಿ ತೀರಿಕೊಂಡ ಗಜಾಲಿಯವರು ತಮ್ಮ ಮಹಾಗ್ರಂಥದಲ್ಲಿ ಸಂಗೀತ ಕೇಳುವುದಕ್ಕೇ ಒಂದು ಭಾಗ ಮೀಸಲಿಟ್ಟರು. ಅವರು ನೆನೆಯುವ ಸೂಫಿ ಜುನೈದರ ಮಾತು ನಮ್ಮ ಕೆಲಸಕ್ಕೆ ನೇರವಾಗಿ ಬರುತ್ತದೆ: ಕೇಳುವುದಕ್ಕೆ ತಕ್ಕ ಹೊತ್ತು ಬೇಕು, ತಕ್ಕ ಜಾಗ ಬೇಕು, ತಕ್ಕ ಜೊತೆಗಾರರು ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಾಡು ಹಾದಿ ತಪ್ಪುತ್ತದೆ. ಚಿಶ್ತಿ ಸೂಫಿಗಳ ‘ಸಮಾ’ ಎಂಬ ಸಂಗೀತ ಗೋಷ್ಠಿ ನಿಂತದ್ದು ಈ ಷರತ್ತಿನ ಮೇಲೆ. ಸುಮಾರು 1400ರಲ್ಲಿ ದಿಲ್ಲಿಯಿಂದ ಕಲಬುರಗಿಗೆ ಬಂದು ನೆಲೆಸಿದ ಖ್ವಾಜಾ ಬಂದೇನವಾಜರು ಸಮಾ ಒಪ್ಪಿದವರು. ಇನ್ನೊಂದು ಸೂಕ್ಷ್ಮವೂ ಇದೆ. ದರ್ಗಾ, ಉರುಸುಗಳ ಪರ ನಿಂತ ಬರೇಲಿಯ ಅಹ್ಮದ್ ರಜಾ ಖಾನರು ಕೂಡ ವಾದ್ಯಗಳ ಕವ್ವಾಲಿಯನ್ನು ಒಪ್ಪಿರಲಿಲ್ಲ. ಆದರೂ ಅವರನ್ನು ಗುರುವೆಂದು ನಂಬುವ ಎಷ್ಟೋ ಜನ ಉರುಸಿನಲ್ಲಿ ಹಾರ್ಮೋನಿಯಂ ಪಕ್ಕದಲ್ಲೇ ಕುಳಿತಿರುತ್ತಾರೆ. ಕಿತಾಬಿನಲ್ಲಿ ಇರುವುದನ್ನು ಮಾತ್ರ ಓದಿ ಜನರನ್ನು ಅಳೆಯಲು ಹೋದವರು ಇಲ್ಲಿ ಸೋಲುತ್ತಾರೆ.

ಅಧಿಕಾರಸ್ಥರಂತೂ ತಮಗೆ ಬೇಕಾದಾಗ ಬಾಗಿಲು ತೆರೆದಿದ್ದಾರೆ, ಬೇಡವಾದಾಗ ಹಾಕಿದ್ದಾರೆ. ಸೌದಿ ಅರೇಬಿಯಾದಲ್ಲಿ ಬಹುಕಾಲ ಇಲ್ಲದ ಸಾರ್ವಜನಿಕ ಸಂಗೀತ ಕಾರ್ಯಕ್ರಮಗಳು 2017ರ ಸುಮಾರಿಗೆ ಮತ್ತೆ ಶುರುವಾದವು. 2023ರಲ್ಲಿ ಅಫ್ಗಾನಿಸ್ತಾನದ ಹೆರಾತ್‌ನಲ್ಲಿ ತಾಲಿಬಾನ್ ಹಾರ್ಮೋನಿಯಂ, ತಬಲಾ, ಗಿಟಾರುಗಳನ್ನು ರಾಶಿ ಹಾಕಿ ಸುಟ್ಟಿತು. ಇಬ್ಬರೂ ಓದುವುದು ಒಂದೇ ಗ್ರಂಥ.

ನಮ್ಮ ಸೀಮೆಯ ಚರಿತ್ರೆ ಇದಕ್ಕಿಂತ ಸೊಗಸು. ಬಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕವನ್ನೇ ಬರೆದ. ಅದರಲ್ಲಿ ಸರಸ್ವತಿ, ಗಣಪತಿ, ಬಂದೇನವಾಜ್ ಮೂವರಿಗೂ ಜಾಗವಿದೆ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟಿದ್ದ. ಕಿರಾಣಾದ ಅಬ್ದುಲ್ ಕರೀಂ ಖಾನರು ಇತ್ತ ಬರದೇ ಹೋಗಿದ್ದರೆ ಕುಂದಗೋಳದ ರಾಮಚಂದ್ರರಾಯರು ಸವಾಯಿ ಗಂಧರ್ವರಾಗುತ್ತಿದ್ದರೋ ಇಲ್ಲವೋ. ಮಲ್ಲಿಕಾರ್ಜುನ ಮನ್ಸೂರರ ಗುರುಗಳು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನ್. ಕೊಪ್ಪಳದಿಂದ ರೈಲು ಹತ್ತಿದರೆ ಗಂಟೆಯೊಂದರಲ್ಲಿ ಸಿಗುವ ಗದಗಿನ ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ ಕಲಿತದ್ದು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಿಂದ. ಆಮೇಲೆ ಅವರ ಆಶ್ರಮ ಜಾತಿ ಕೇಳದೆ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಹೇಳಿಕೊಟ್ಟಿತು.

ಗಂಡಸರ ಘರಾಣೆಗಳ ಹೆಸರು ಹೇಳುವಾಗ ಹೆಂಗಸರು ಬಿಟ್ಟುಹೋಗುತ್ತಾರೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಯ ಸಿನಿಮಾ ಲೋಕದಲ್ಲಿ ಹಾಡಿ ಹೆಸರಾದರು, ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲಿದ್ದರು. ನಮ್ಮ ಕೂಕನೂರಿನ ರಹಿಮಾನವ್ವ ಕಲ್ಮನಿಯವರ ಹೆಸರು ವೃತ್ತಿ ನಾಟಕ ನೋಡಿದ ತಲೆಮಾರಿಗೆ ಗೊತ್ತು. ಇವರೆಲ್ಲ ವೇದಿಕೆ ಹತ್ತಿದವರು. ವೇದಿಕೆ ಹತ್ತದ ಹಾಡು ಇನ್ನೂ ದೊಡ್ಡದು. ಬಿಜಾಪುರದ ಸೂಫಿಗಳು ದಖನಿಯಲ್ಲಿ ‘ಚಕ್ಕಿನಾಮಾ’ ಎಂಬ ಬೀಸುಕಲ್ಲಿನ ಪದ ಕಟ್ಟಿದ್ದು ಹೆಂಗಸರ ಬಾಯಲ್ಲಿ ನಿಲ್ಲಲಿ ಎಂದು. ಇವತ್ತಿಗೂ ಕಲ್ಯಾಣ ಕರ್ನಾಟಕದ ಮುಸ್ಲಿಂ ಮದುವೆ ಮನೆಯ ಒಳಕೋಣೆಯಲ್ಲಿ ಹೆಂಗಸರು ಢೋಲಕ್ ಮುಂದಿಟ್ಟುಕೊಂಡು ಬೀಗರನ್ನು ಗೇಲಿ ಮಾಡುವ ದಖನಿ ಹಾಡು ಹಾಡುತ್ತಾರೆ. ಹೊರಗೆ ಜಗಲಿಯಲ್ಲಿ ಕುಳಿತ ಹಿರಿಯರು ಸಂಗೀತ ಹರಾಮೋ ಹಲಾಲೋ ಎಂದು ಚರ್ಚೆ ಮಾಡುತ್ತಿದ್ದರೂ ಒಳಗಿನ ಢೋಲಕ್ಕು ನಿಲ್ಲುವುದಿಲ್ಲ.

ಮಸೂತಿ ಮುಂದಿನ ಹಲಗಿ ನಮ್ಮಲ್ಲಿ ಭಕ್ತಿ. ಅದೇ ‘ಮಸೀದಿ ಮುಂದೆ ವಾದ್ಯ’ ಎಂದಾಗ ಪೊಲೀಸ್ ಬಂದೋಬಸ್ತಿನ ವಿಷಯ. ಇದು ಹೇಗಾಯಿತು ಎಂಬುದಕ್ಕೆ ಚರಿತ್ರೆಯಿದೆ. ಪುಣೆಯ ಹಿಂದೂಗಳು ಮೊಹರಂನಲ್ಲಿ ಹುಸೇನರ ಗೋರಿಯ ಪ್ರತಿಕೃತಿಯಾದ ತಾಬೂತಿನ ಮೆರವಣಿಗೆಯಲ್ಲಿ ಹಾಡಿಕೊಂಡು ಕುಣಿಯುತ್ತಿದ್ದ ಕಾಲವಿತ್ತು. 1893ರ ಮುಂಬಯಿಯ ಹಿಂದೂ-ಮುಸ್ಲಿಂ ಗಲಭೆಯ ಮೇಲೆ ಟಿಳಕರು ಮತ್ತವರ ಬಳಗ ಸಾರ್ವಜನಿಕ ಗಣೇಶೋತ್ಸವ ಕಟ್ಟಿದಾಗ, ತಾಬೂತಿಗೆ ಹೋಗಬೇಡಿ, ಇತ್ತ ಬನ್ನಿ ಎಂಬ ಕರೆಯೂ ಅದರಲ್ಲಿ ಸೇರಿತ್ತು. ಗಣಪತಿ ಮೇಳಗಳ ಹಾಡು, ಕುಣಿತ, ವೇಷಗಳು ಮೊಹರಂ ಟೋಳಿಗಳನ್ನೇ ಹೋಲುತ್ತಿದ್ದವು. ಕಲೆ ಒಂದೇ ಉಳಿಯಿತು, ಜನ ಎರಡಾದರು. 1926ರ ಏಪ್ರಿಲ್‌ನಲ್ಲಿ ಕಲಕತ್ತೆಯಲ್ಲಿ ಮಸೀದಿಯ ಮುಂದೆ ಮೆರವಣಿಗೆಯ ವಾದ್ಯ ನುಡಿಸಿದ್ದರಿಂದಲೇ ದೊಡ್ಡ ಗಲಭೆ ಹೊತ್ತಿಕೊಂಡಿತು. ಅಂದಿನಿಂದ ಇಂದಿನವರೆಗೆ ಜಗಳ ಸಂಗೀತದ ಮೇಲಲ್ಲ. ಈ ರಸ್ತೆ ಯಾರದು ಎಂಬುದರ ಮೇಲೆ. ಜುನೈದರ ಮೂರು ಷರತ್ತುಗಳಲ್ಲಿ ಹೊತ್ತು, ಜಾಗ ಎರಡನ್ನೂ ಬೇಕೆಂದೇ ಕೆಡಿಸಿದ ಮೇಲೆ ಯಾವ ರಾಗ ಏನು ಮಾಡೀತು? ಹಾಗೆ ನೋಡಿದರೆ ಈದ್ ಮಿಲಾದ್ ಮೆರವಣಿಗೆಗೆ ಡಿಜೆ ಬೇಡ ಎಂದು ಮುಸ್ಲಿಂ ಹಿರಿಯರೇ ಹೇಳುವುದನ್ನು ‘ನೋಡಿ, ಸಂಗೀತ ವಿರೋಧಿಗಳು’ ಎಂದು ಓದುವುದು ತಪ್ಪು. ಎದೆ ನಡುಗಿಸುವ ಆ ಡಬ್ಬಿಗಳು ಗಣಪತಿಗೂ ಬೇಡ ಎನ್ನುವ ಹಿಂದೂ ಹಿರಿಯರು ನಮ್ಮಲ್ಲಿ ಸಾಕಷ್ಟಿದ್ದಾರೆ, ಅವರ ಜೊತೆ ನಾನೂ ಇದ್ದೇನೆ.

ಅಲಾಯಿಗೂ ಈಗ ಎರಡೂ ಕಡೆಯಿಂದ ಒತ್ತಡ. ದೇವರಿಗೆ ಇನ್ನೊಬ್ಬರನ್ನು ಸಮ ಮಾಡುವುದು ಶಿರ್ಕ್, ಪಂಜಾ ಕೂಡಿಸುವುದು ಇಸ್ಲಾಂ ಅಲ್ಲ ಎಂದು ಸುಧಾರಣೆಯ ಉಪದೇಶ ಕೇಳಿದ ಮುಸ್ಲಿಂ ಯುವಕರು ದೂರ ಸರಿಯುತ್ತಿದ್ದಾರೆ. ಅದು ನಿಮ್ಮ ಹಬ್ಬವಲ್ಲ ಎಂದು ಹಿಂದೂ ಯುವಕರಿಗೆ ಹೇಳುವವರೂ ಹುಟ್ಟಿಕೊಂಡಿದ್ದಾರೆ. ಮೊದಲನೆಯವರ ನಂಬಿಕೆಯನ್ನು ನಾವು ಹೀಗಳೆಯಬೇಕಾಗಿಲ್ಲ. ತನ್ನ ಧರ್ಮವನ್ನು ತಾನು ಅರ್ಥ ಮಾಡಿಕೊಂಡಂತೆ ನಡೆಯುವ ಹಕ್ಕು ಅವರಿಗಿದೆ, ‘ಹಳೇ ಸಾಬರೇ ಒಳ್ಳೆಯವರು’ ಎಂಬ ಮೆಚ್ಚುಗೆಯಲ್ಲಿ ಸಣ್ಣದೊಂದು ಬೆದರಿಕೆಯೂ ಅಡಗಿರುತ್ತದೆ. ಇನ್ನು ಹಬ್ಬವೊಂದೇ ಊರನ್ನು ಕಾಯುತ್ತದೆ ಎಂಬ ಭ್ರಮೆಯೂ ಬೇಡ. 2022ರ ಆಗಸ್ಟ್‌ನಲ್ಲಿ, ಮೊಹರಂ ಮುಗಿದು ಎರಡೇ ದಿನಕ್ಕೆ, ಕನಕಗಿರಿ ತಾಲ್ಲೂಕಿನ ಹುಲಿಹೈದರದಲ್ಲಿ ಗುಂಪು ಘರ್ಷಣೆಯಾಗಿ ಎರಡೂ ಕಡೆಯ ಒಂದೊಂದು ಜೀವ ಹೋಯಿತು.

ಕಲೆಯ ವೇದಿಕೆಯಲ್ಲಿ ನಿಂತ ಮುಸ್ಲಿಂ ವ್ಯಕ್ತಿಗೆ ಇನ್ನೊಂದು ಭಾರ ಬೀಳುತ್ತದೆ. 2017ರಲ್ಲಿ ಶಿವಮೊಗ್ಗ ಜಿಲ್ಲೆಯ ಸುಹಾನಾ ಸಯ್ಯದ್ ಹಿಜಾಬ್ ಧರಿಸಿ ಟಿವಿಯ ‘ಸರಿಗಮಪ’ ವೇದಿಕೆಯಲ್ಲಿ ಹಿಂದೂ ಭಕ್ತಿಗೀತೆ ಹಾಡಿದಾಗ, ಸಮುದಾಯದ ಒಳಗಿನವರೇ ಕೆಲವರು ಫೇಸ್‌ಬುಕ್‌ನಲ್ಲಿ ಬೈದರು. ಬೈದದ್ದು ಖಂಡಿತ ತಪ್ಪು. ಆದರೆ ಹೊಗಳಿದವರಲ್ಲೂ ಕೆಲವರಿಗೆ ಆಕೆಯ ಶ್ರುತಿ, ಲಯ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರಿಗೆ ಬೇಕಾಗಿದ್ದು ‘ಸೌಹಾರ್ದದ ಹುಡುಗಿ’. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರು ಮೈಸೂರು ದಸರಾ ಉದ್ಘಾಟಿಸಬಾರದು ಎಂಬ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು. ಅಲ್ಲಿ ತಡೆಯಲು ಹೋದವರು ಹೊರಗಿನವರು. ಒಬ್ಬಾಕೆ ಹಾಡಿದರೆ ತಪ್ಪು, ಇನ್ನೊಬ್ಬರು ದೀಪ ಹಚ್ಚಿದರೆ ತಪ್ಪು. ಇದನ್ನೆಲ್ಲ ಪತ್ರಿಕೆಯಲ್ಲಿ ಓದಿದ ಗಂಗಾವತಿಯ ತಾಯಿಯೊಬ್ಬಳು ‘ಬ್ಯಾಡವ್ವ, ಸುಮ್ಮನ ಓದ್ಕೋ’ ಎಂದು ಮಗಳಿಗೆ ಹೇಳಿದರೆ ಅದಕ್ಕೆ ಹದೀಸ್ ಹುಡುಕುವ ಅಗತ್ಯವಿಲ್ಲ.

2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ, ಅದರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮುಸ್ಲಿಮರು. ಇವರನ್ನು ಬಿಟ್ಟು ಯಾವ ಊರಿನ ಕಾರ್ಯಕ್ರಮವೂ ಊರಿನದಾಗುವುದಿಲ್ಲ. ಕರೆಯುವ ಬಗೆ ಮಾತ್ರ ಬದಲಾಗಬೇಕು. ಪ್ರಾರ್ಥನೆಗೆ ಒಂದು ಹಾಡು ಮೊದಲೇ ಗೊತ್ತು ಮಾಡಿ, ‘ನೀವೂ ಒಬ್ಬರು ಬಂದು ಹಾಡ್ರಿ’ ಎಂದರೆ ಅದು ಆಹ್ವಾನವಲ್ಲ, ಪರೀಕ್ಷೆ. ಪಟ್ಟಿ ಬರೆಯುವ ಮೊದಲೇ ಓಣಿಯವರನ್ನು ಕೂಡಿಸಿ ಕೇಳಬೇಕು. ವಾದ್ಯ ಬೇಡ ಎನ್ನುವ ಮನೆಯ ಹುಡುಗ ಪ್ರವಾದಿಯವರನ್ನು ಸ್ತುತಿಸುವ ನಾತ್ ಚೆನ್ನಾಗಿ ಹೇಳಬಹುದು, ಉರ್ದು ಶಾಯರಿ ಓದಬಹುದು, ಬೋರ್ಡಿನ ಅಕ್ಷರ ಬರೆಯಬಹುದು. ವೇದಿಕೆ ಬೇಡ ಎನ್ನುವ ಹೆಂಗಸರು ಹೆಂಗಸರದೇ ಗೋಷ್ಠಿಯಲ್ಲಿ ಢೋಲಕ್ ಹಿಡಿಯಬಹುದು, ಪಕ್ಕದ ಮನೆಯ ಲಿಂಗಾಯತರ ಅಮ್ಮ ಅಲ್ಲೇ ಸೋಬಾನೆ ಹೇಳಬಹುದು. ಅಜಾನ್ ಹೊತ್ತು, ಶುಕ್ರವಾರದ ಮಧ್ಯಾಹ್ನ, ರಂಜಾನಿನ ಸಂಜೆ ಬಿಟ್ಟು ಸಮಯ ಇಡುವುದಕ್ಕೆ ಖರ್ಚೇನೂ ಇಲ್ಲ. ಇಷ್ಟಾದ ಮೇಲೂ ಯಾರಾದರೂ ‘ಒಲ್ಲೆ’ ಎಂದರೆ ಒಲ್ಲೆ ಎಂದೇ ಅರ್ಥ, ಅದಕ್ಕೆ ಕಾರಣ ಕೇಳುವ ಸಭೆ ಕರೆಯಬಾರದು. ಒಲ್ಲೆ ಎಂದವರು ನಾಳೆ ಮನಸ್ಸು ಬದಲಿಸಲೂಬಹುದು. ಕ್ಯಾಟ್ ಸ್ಟೀವನ್ಸ್ ಎಂಬ ಇಂಗ್ಲಿಷ್ ಗಾಯಕ 1977ರಲ್ಲಿ ಇಸ್ಲಾಂ ಸ್ವೀಕರಿಸಿ ಯೂಸುಫ್ ಇಸ್ಲಾಂ ಆದ ಮೇಲೆ ಗಿಟಾರುಗಳನ್ನು ಮಾರಿ ಧರ್ಮಕಾರ್ಯಕ್ಕೆ ಕೊಟ್ಟುಬಿಟ್ಟಿದ್ದರು. 2006ರಲ್ಲಿ ಮತ್ತೆ ಗಿಟಾರು ಹಿಡಿದು ಹೊಸ ಹಾಡುಗಳ ಆಲ್ಬಂ ತಂದರು. ಹೋದಾಗಲೂ ಬಂದಾಗಲೂ ಅವರು ಮುಸಲ್ಮಾನರೇ.

ಒಂದು ಅನುಕೂಲ ಕಣ್ಣೆದುರಿಗಿದೆ. ಚಾಂದ್ರಮಾನದ ಮೊಹರಂ ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2018, 2019ರಲ್ಲಿ ಗಣೇಶ ಚತುರ್ಥಿಯ ಆಜುಬಾಜಿನಲ್ಲೇ ಬಂದಿತ್ತು. 2029ರ ಹೊತ್ತಿಗೆ ಮೇ ತಿಂಗಳಿಗೆ ಬರುತ್ತದೆ. ಶಾಲೆಗೆ ಬೇಸಿಗೆ ರಜೆ, ಪಟ್ಟಣ ಸೇರಿದ ಮಕ್ಕಳು ಹಳ್ಳಿಯಲ್ಲಿರುವ ಹೊತ್ತು. ರಿವಾಯತ್ ಪದ ಬಲ್ಲ ಹಿರಿಯರು ಅಷ್ಟರೊಳಗೆ ಇನ್ನಷ್ಟು ಕಡಿಮೆಯಾಗಿರುತ್ತಾರೆ. ಬೇಸಿಗೆ ಶಿಬಿರ ನಡೆಸುವ ಸಂಘಗಳು, ಶಾಲೆಗಳು, ಗ್ರಾಮ ಪಂಚಾಯಿತಿಗಳು ಈಗಿನಿಂದಲೇ ಅವರಲ್ಲಿ ನಾಲ್ಕು ಜನರನ್ನು ಗುರುತು ಮಾಡಿ, ಗೌರವಧನ ಕೊಟ್ಟು ಕರೆಯಲಿ. ಹಲಗಿ ಬಡಿಯುವವರಿಗೂ ಅಷ್ಟೇ ಗೌರವಧನ ಇರಲಿ, ಅವರ ಹೆಸರೂ ಕರಪತ್ರದಲ್ಲಿ ಬರಲಿ.